ಛೋಟಾ ಭೀಮ ಮತ್ತು ಬಯಲಾಟದ ಭೀಮ: ವೀರಬಳಗದ ಪಾತ್ರಪೋಷಣೆಯ ವಿವೇಚನೆ

ಭೀಮಾ ಹಾಗೂ ಅದರ ಉಪನದಿ ಅಮರ್ಜಾ ಹರಿಯುವ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಪರಿಸರವು ಬಯಲಾಟ, ಗೀಗಿಪದ, ತತ್ವಪದ ಮತ್ತು ಮೊಹರಂ ಪದಗಳ ನೆಲೆಯಾಗಿದೆ. ಇಲ್ಲಿಯ ಮಕ್ಕಳಿಗೆ ಒಂದು ಕಾಲಕ್ಕೆ ಭೀಮನ ಪರಿಚಯವಾಗುತ್ತಿದ್ದುದು ಊರ ಬಯಲಾಟದ ಅಟ್ಟದ ಮೇಲೆ. 2008ರಲ್ಲಿ ಪೋಗೊ ವಾಹಿನಿಯಲ್ಲಿ ‘ಛೋಟಾ ಭೀಮ್’ ಎಂಬ ಅನಿಮೇಷನ್ ಧಾರಾವಾಹಿ ಆರಂಭವಾದ ನಂತರ ಅದೇ ಹೆಸರಿನ ಇನ್ನೊಬ್ಬ ವೀರನು ಮನೆಯ ಪರದೆಗೆ ಬಂದನು. ಇದರ ಸೃಷ್ಟಿಕರ್ತ ರಾಜೀವ್ ಚಿಲಕ. ನಿರ್ಮಿಸಿದ ಗ್ರೀನ್ ಗೋಲ್ಡ್ ಸಂಸ್ಥೆ ಹೈದರಾಬಾದಿನದು. 1956ರವರೆಗೆ ಈ ಮೂರೂ ತಾಲ್ಲೂಕುಗಳು ಸೇರಿದ್ದ ರಾಜ್ಯದ ರಾಜಧಾನಿಯೂ ಅದೇ ನಗರವಾಗಿತ್ತೆಂಬುದು ಕಾಕತಾಳೀಯವಾದರೂ ಗಮನಾರ್ಹವಾಗಿದೆ.

ಢೋಲಕ್‌ಪುರವೆಂಬ ಕಲ್ಪಿತ ರಾಜ್ಯದಲ್ಲಿ ಭೀಮನಿಗೊಂದು ಬಳಗವಿದೆ. ಗೆಳತಿ ಚುಟ್ಕಿ, ಪುಟ್ಟ ರಾಜು, ಮಾತನಾಡುವ ಮಂಗ ಜಗ್ಗು ಅವನ ಕಡೆಯವರು. ಅಸೂಯಾಪರ ಕಾಲಿಯಾ ಮತ್ತು ಅವಳಿಗಳಾದ ಢೋಲು-ಭೋಲು ಎದುರು ಕಡೆಯವರು. ಸಂಕಟ ಒದಗಿದಾಗ ಭೀಮನು ಲಡ್ಡು ತಿನ್ನುತ್ತಾನೆ, ಬಲ ಹೆಚ್ಚುತ್ತದೆ, ವೈರಿ ಸೋಲುತ್ತಾನೆ. ಕಾಲಿಯಾ ಪಾಠ ಕಲಿತರೂ ಮುಂದಿನ ಕಂತಿನಲ್ಲಿ ಅದೇ ಅಸೂಯೆಯೊಂದಿಗೆ ಹಿಂತಿರುಗುತ್ತಾನೆ. ಪಾತ್ರಗಳು ಬೆಳೆಯುವುದಿಲ್ಲವೆಂಬ ಆಕ್ಷೇಪಕ್ಕೆ ಇಲ್ಲಿ ಆಧಾರವಿದೆ. ಆದರೆ ಆ ಆಕ್ಷೇಪವನ್ನು ಯಾವ ಅಳತೆಗೋಲಿನಿಂದ ಎತ್ತಬೇಕೆಂಬುದೇ ಮುಖ್ಯ ಪ್ರಶ್ನೆ.

ಕಾದಂಬರಿಯ ಅಳತೆಗೋಲಿನಿಂದ ಅಳೆದರೆ ಬಯಲಾಟದ ಪಾತ್ರಗಳೂ ಸ್ಥಿರವಾದವುಗಳೇ. ಪಾತ್ರಧಾರಿಯು ಕಿರೀಟ, ಭುಜಕೀರ್ತಿಗಳೊಡನೆ ಕುಣಿಯುತ್ತ ಪ್ರವೇಶಿಸಿದಾಗ ಸಾರಥಿಯು ಅವನ ಹೆಸರು, ನೆಲೆ, ಬಂದ ಕಾರಣಗಳನ್ನು ವಿಚಾರಿಸುತ್ತಾನೆ. ಪಾತ್ರವು ತನ್ನ ಪರಾಕ್ರಮವನ್ನು ತಾನೇ ಸಾರುತ್ತದೆ. ಈ ವರ್ಷ ಅಟ್ಟದ ಮೇಲೆ ಮಡಿದ ಅಭಿಮನ್ಯುವು ಬರುವ ವರ್ಷ ಮತ್ತೆ ಎದ್ದು ಬರುತ್ತಾನೆ. ಆದುದರಿಂದ ಪ್ರತಿ ಕಂತಿನಲ್ಲಿ ಕಥೆ ಮೊದಲಿನಿಂದ ಆರಂಭವಾಗುವುದೊಂದೇ ದೋಷವೆನಿಸಲಾರದು. ಒಂದು ರಾತ್ರಿಯ ಆಟದೊಳಗೆ, ಒಂದು ಕಂತಿನೊಳಗೆ, ವೀರನು ತನ್ನ ಬಲಕ್ಕೆ ಏನನ್ನು ತೆರುತ್ತಾನೆ ಎಂಬುದನ್ನು ಪರಿಶೀಲಿಸಬೇಕಾಗಿದೆ.

ಕೀಚಕವಧೆಯ ಪ್ರಸಂಗವನ್ನು ಇಲ್ಲಿ ಉದಾಹರಿಸಬಹುದು. ವಿರಾಟನ ಅಡುಗೆಮನೆಯಲ್ಲಿ ವಲಲನಾಗಿರುವ ಭೀಮನಿಗೆ ಬಲದ ಕೊರತೆಯಿಲ್ಲ. ಅದನ್ನು ತೋರುವ ಅವಕಾಶವಿಲ್ಲ. ಗುರುತು ಬಯಲಾದರೆ ಐವರೂ ದ್ರೌಪದಿಯೂ ಮತ್ತೆ ವನವಾಸಕ್ಕೆ ಹೋಗಬೇಕು. ತುಂಬಿದ ಸಭೆಯಲ್ಲಿ ದ್ರೌಪದಿಗೆ ಅವಮಾನವಾದಾಗ ಕಂಕನಾಗಿರುವ ಅಣ್ಣನು ತಡೆಯುತ್ತಾನೆ. ರಾತ್ರಿ ಅಡುಗೆಮನೆಗೆ ಬಂದ ದ್ರೌಪದಿಯು ಪ್ರಶ್ನಿಸುತ್ತಾಳೆ. ಅಣ್ಣನ ಆಜ್ಞೆ, ಹೆಂಡತಿಯ ಕಣ್ಣೀರುಗಳ ನಡುವೆ ಸಿಕ್ಕಿದ ಭೀಮನು ಅಲ್ಲಿ ಪಾತ್ರವಾಗುತ್ತಾನೆ. ಕೀಚಕನು ಸತ್ತ ಮೇಲೂ ಕಥೆ ಮುಗಿಯುವುದಿಲ್ಲ. ಉಪಕೀಚಕರು ದ್ರೌಪದಿಯನ್ನು ಚಿತೆಗೆ ಎಳೆಯುತ್ತಾರೆ. ಕೀಚಕನ ಸಾವಿನ ವಾರ್ತೆಯೇ ಕೌರವರಿಗೆ ಸುಳಿವಾಗುತ್ತದೆ. ಗೆಲುವೇ ಹೊಸ ಗಂಡಾಂತರವನ್ನು ತರುತ್ತದೆ. ಜಾನಪದ ಪಾತ್ರಪೋಷಣೆಯ ಮರ್ಮವಿರುವುದು ಪಾತ್ರದ ಒಳಮನಸ್ಸಿನ ವಿವರಣೆಯಲ್ಲಲ್ಲ, ಪಾತ್ರಗಳ ನಡುವಿನ ಋಣದಲ್ಲಿ.

ಮೊಹರಂ ಪದಗಳಲ್ಲಿಯೂ ಇದೇ ಮರ್ಮವು ಕಾಣುತ್ತದೆ. ಕರ್ಬಲಾದ ಕಥೆಯಲ್ಲಿ ಹುಸೇನನು ನಾಯಕನಾದರೂ ಮದುಮಗನಾಗಿ ಯುದ್ಧಕ್ಕೆ ಹೊರಡುವ ಖಾಸೀಮನಿಗೆ ಅವನದೇ ಆದ ದುಃಖವಿದೆ. ಅವನು ಬಳಗದ ಸಂಖ್ಯೆ ತುಂಬಲು ಬಂದವನಲ್ಲ.

ಢೋಲಕ್‌ಪುರದ ಬಳಗವು ಈ ಕಡೆಯಿಂದ ದುರ್ಬಲವಾಗಿದೆ. ಚುಟ್ಕಿಯು ಬುದ್ಧಿವಂತೆ, ಧೈರ್ಯಶಾಲಿ. ಆದರೂ ಕಥೆಯು ಅವಳಿಂದ ಬಯಸುವುದು ಬಹುಪಾಲು ಲಡ್ಡುವನ್ನೇ. ಲಡ್ಡು ಕೊಟ್ಟವಳಿಗೂ ತಿಂದವನಿಗೂ ನಡುವೆ ಯಾವ ಋಣವೂ ಬೆಳೆಯುವುದಿಲ್ಲ. ಬಲವನ್ನು ಬಳಸಬಾರದೆಂಬ ಕಟ್ಟು, ಬಳಸಿದ್ದರಿಂದಾದ ನಷ್ಟ ಇವೆರಡೂ ಭೀಮನಿಗೆ ವಿರಳ. ಕಾಲಿಯಾನ ಅಸೂಯೆಗೂ ಕಾರಣದ ಆಳವಿಲ್ಲ. ಅವನು ಸೋತು ನಗಿಸಬೇಕು, ಅಷ್ಟೆ.

ಚಿಕ್ಕ ಮಕ್ಕಳ ಕೃತಿಗೆ ಇಷ್ಟು ಭಾರ ಹೇರಬಾರದೆಂಬ ವಾದವುಂಟು. ಕಂತುಗಳನ್ನು ಯಾವ ಕ್ರಮದಲ್ಲಿಯಾದರೂ ಪ್ರಸಾರ ಮಾಡುವ ಅನುಕೂಲಕ್ಕೆ ಪಾತ್ರಗಳು ಬದಲಾಗದಿರುವುದು ಅಗತ್ಯವೆಂಬುದೂ ನಿಜ. ಆದರೆ ಇದು ಅನಿಮೇಷನ್ ಮಾಧ್ಯಮದ ಮಿತಿಯಲ್ಲ. ಅಮೆರಿಕದಲ್ಲಿ 2003ರಿಂದ 2006ರವರೆಗೆ ಪ್ರಸಾರವಾದ ‘ಟೀನ್ ಟೈಟನ್ಸ್’ ಸರಣಿಯಲ್ಲಿ ಐವರು ಕಿರಿಯ ವೀರರ ಬಳಗಕ್ಕೆ ಟೆರಾ ಎಂಬ ಹುಡುಗಿಯು ಸೇರುತ್ತಾಳೆ, ದ್ರೋಹ ಬಗೆಯುತ್ತಾಳೆ, ಕೊನೆಗೆ ತನ್ನನ್ನೇ ಅರ್ಪಿಸಿಕೊಂಡು ಕಲ್ಲಾಗುತ್ತಾಳೆ. ಆ ನಷ್ಟವು ಸರಣಿಯ ಕೊನೆಯ ಕಂತಿನವರೆಗೂ ಉಳಿಯುತ್ತದೆ. ಅದೇ ಐವರನ್ನಿಟ್ಟುಕೊಂಡು 2013ರಲ್ಲಿ ಆರಂಭವಾದ ‘ಟೀನ್ ಟೈಟನ್ಸ್ ಗೋ!’ ಹಾಸ್ಯವನ್ನೇ ಪ್ರಧಾನವಾಗಿಸಿಕೊಂಡಿತು. ಪಾತ್ರಗಳು ಅವೇ, ಕಥೆಯು ಅವರಿಂದ ಬಯಸಿದ್ದು ಬೇರೆ. ಇನ್ನು ಬಯಲಾಟದ ಮುಂದೆಯೂ ಮಕ್ಕಳು ಕುಳಿತಿರುತ್ತಿದ್ದರು. ಅವರಿಗೆಂದು ದ್ರೌಪದಿಯ ಅಳಲನ್ನು ಯಾರೂ ಕಡಿತಗೊಳಿಸಲಿಲ್ಲ.

ಛೋಟಾ ಭೀಮನು ಮಹಾಭಾರತದ ಭೀಮನೆಂದು ಧಾರಾವಾಹಿಯು ಹೇಳಿಕೊಳ್ಳುವುದಿಲ್ಲ. ಅದು ಎರವಲು ಪಡೆದಿರುವುದು ಹೆಸರು, ಹಸಿವು ಮತ್ತು ತೋಳ್ಬಲವನ್ನು. ಬಿಟ್ಟುಬಂದಿರುವುದು ಅಣ್ಣನನ್ನು, ದ್ರೌಪದಿಯನ್ನು, ಅಜ್ಞಾತವಾಸವನ್ನು. ಈ ಮೂರು ತಾಲ್ಲೂಕುಗಳ ಮಗುವೊಂದು ಭೀಮನನ್ನು ಪರದೆಯ ಮೇಲೆ ಮಾತ್ರ ಕಂಡರೆ, ಅದಕ್ಕೆ ಬಲವೆಂದರೆ ತಿನ್ನುವುದು ಮತ್ತು ಹೊಡೆಯುವುದು ಎಂದಷ್ಟೇ ತಿಳಿಯುವ ಅಪಾಯವಿದೆ. ಬಲವಿದ್ದೂ ತಡೆದುಕೊಂಡು ಅಡುಗೆಮನೆಯಲ್ಲಿ ನಿಂತ ಭೀಮನನ್ನು ಅದಕ್ಕೆ ತೋರಿಸಲು ಅಟ್ಟದ ಮೇಲಿನ ಆಟವು ಉಳಿಯಬೇಕು. ಬಯಲಾಟವನ್ನು ದಾಖಲಿಸುವವರು ಹಾಡು ಮತ್ತು ವೇಷಗಳೊಂದಿಗೆ ಪಾತ್ರಗಳ ನಡುವಿನ ಈ ಋಣಸಂಬಂಧವನ್ನೂ ಗುರುತಿಸಿ ದಾಖಲಿಸುವುದು ಅಗತ್ಯವಾಗಿದೆ.