ಪೊರಕೆ ಹಿಡಿಯೋಕೆ ಬರದ ಜಲಗಾರ

ನಮ್ಮದು ವೀಕೆಂಡ್ ನಾಟಕ ತಂಡ. ಒಂಬತ್ತು ಜನ. ಸೋಮವಾರದಿಂದ ಶುಕ್ರವಾರದವರೆಗೆ ಆಫೀಸು, ಶನಿವಾರ ಯಾರದಾದರೂ ಅಪಾರ್ಟ್‌ಮೆಂಟಿನ ಟೆರೇಸ್ ಮೇಲೆ ರಿಹರ್ಸಲ್. ಹೋದ ವರ್ಷ ಕುವೆಂಪು ಅವರ ‘ಜಲಗಾರ’ ಮಾಡಿದೆವು. ಬೆಂಗಳೂರಿನಲ್ಲಿ ಸಣ್ಣ ತಂಡಗಳಿಗೇ ಅಂತ ಮಾಡುವ ಒಂದು ಉತ್ಸವದಲ್ಲಿ ಮೊದಲ ಶೋ. ಅರವತ್ತು ಸೀಟು, ಹೌಸ್‌ಫುಲ್. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ವಾಟ್ಸಾಪ್ ತುಂಬಾ ‘ಸಕ್ಕತ್’, ‘ಸೂಪರ್’. ಆ ಪ್ರಯೋಗ ಎಲ್ಲೆಲ್ಲಿ ಸೋತಿತ್ತು ಅಂತ ಗೊತ್ತಾಗೋಕೆ ಮಾತ್ರ ನಾವು ಮಲೆನಾಡಿಗೆ ಹೋಗಬೇಕಾಯ್ತು.

‘ಜಲಗಾರ’ 1928ರಲ್ಲಿ ಬಂದ ಪುಟ್ಟ ನಾಟಕ. ಬೀದಿ ಗುಡಿಸುವವನಿಗೆ ಶಿವಗುಡಿಯೊಳಗೆ ಪ್ರವೇಶವಿಲ್ಲ. ಕೊನೆಗೆ ಶಿವನೇ ಅವನಿದ್ದಲ್ಲಿಗೆ ಬರುತ್ತಾನೆ, ತಾನೂ ಜಗತ್ತಿನ ಜಲಗಾರ ಅನ್ನುತ್ತಾನೆ. ನಾವು ಆ ಶಿವನಿಗೆ ಪ್ರೊಜೆಕ್ಟರ್ ಹಾಕಿ, ನಕ್ಷತ್ರಮಂಡಲ ತೋರಿಸಿ, ಹೊಗೆ ಬಿಟ್ಟಿದ್ದೆವು. ಚಪ್ಪಾಳೆ ಬಿದ್ದಿದ್ದೇ ಅಲ್ಲಿ.

ಕುವೆಂಪು ಅಂದರೆ ಎಲ್ಲರೂ ಕುಪ್ಪಳಿ ಅಂತಾರೆ. ಅವರು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ, 1904ರಲ್ಲಿ. ಅದೇ ನೆಪ ಇಟ್ಟುಕೊಂಡು ಕೊಪ್ಪ, ಶೃಂಗೇರಿ, ಎನ್.ಆರ್. ಪುರದಲ್ಲಿ ಒಂದೊಂದು ಶೋ ಅಂತ ಪ್ಲಾನ್ ಮಾಡಿದೆವು. ಊರಿನವರು ಎರಡೇ ಷರತ್ತು ಹಾಕಿದರು: ಅಡಿಕೆ ಕೊಯ್ಲು ಮುಗಿದಿರಬೇಕು, ಆ ರಾತ್ರಿ ಹತ್ತಿರದಲ್ಲೆಲ್ಲೂ ಯಕ್ಷಗಾನ ಇರಬಾರದು.

ಕೊಪ್ಪದಲ್ಲಿ ಶೋ ಮುಗಿದು ಸಾಮಾನು ಕಟ್ಟುತ್ತಿದ್ದಾಗ, ಬೆಳಿಗ್ಗೆ ಆ ಹಾಲ್ ಗುಡಿಸಿದ್ದ ಹೆಂಗಸು ಬಂದರು. ಬಾಗಿಲ ಹತ್ತಿರ ನಿಂತೇ ಪೂರ್ತಿ ನಾಟಕ ನೋಡಿದ್ದರು. ನಮ್ಮ ಜಲಗಾರನ ಕೈಯಿಂದ ಪೊರಕೆ ತಗೊಂಡು, ‘ತಮ್ಮಾ, ನೀ ಹಿಡಿದ ಹಾಂಗೆ ಹಿಡಿದ್ರೆ ಎರಡು ದಿನಕ್ಕೆ ಸೊಂಟ ಹೋಗ್ತದೆ ಮಾರಾಯ’ ಅಂದರು. ಹಿಡಿದು ತೋರಿಸಿದರು. ಎರಡು ತಿಂಗಳು ರಿಹರ್ಸಲ್ ಮಾಡಿದ್ದ ನಾವು ಒಬ್ಬೇ ಒಬ್ಬ ಪೌರಕಾರ್ಮಿಕರನ್ನು ಗಮನಿಸಿ ನೋಡಿರಲಿಲ್ಲ. ಜಲಗಾರನ ಪರವಾಗಿ ನಾಟಕ ಆಡಿದ್ದೆವು, ಅವನ ಕೆಲಸ ಏನು ಅಂತ ಕೇಳಿರಲಿಲ್ಲ.

ಶೃಂಗೇರಿಯದ್ದು ಇನ್ನೂ ನಾಚಿಕೆಗೇಡು. ದೇವಸ್ಥಾನದ ಊರು, ಯಾರಿಗಾದರೂ ಬೇಜಾರಾದರೆ ಅಂತ ನಾವೇ ಹೆದರಿ, ಗುಡಿಗೆ ಹೋಗುವವರನ್ನು ಚುಚ್ಚುವ ಮಾತುಗಳನ್ನು ಕತ್ತರಿಸಿದೆವು. ಬೇಡ ಅಂತ ಯಾರೂ ಹೇಳಿರಲಿಲ್ಲ. ಶೋ ಆದ ಮೇಲೆ ರಿಟೈರ್ಡ್ ಮೇಷ್ಟ್ರೊಬ್ಬರು ಬಂದು, ‘ಆ ಮಾತು ಯಾಕೆ ಬಿಟ್ರಿ? ನಾನು ಇದನ್ನ ಕ್ಲಾಸಲ್ಲಿ ಪಾಠ ಮಾಡಿದವನು. ಕೇಳೋ ಶಕ್ತಿ ನಮಗಿಲ್ಲ ಅಂದ್ಕೊಂಡ್ರಾ?’ ಅಂದರು. ಉತ್ತರ ಇರಲಿಲ್ಲ. ಸಣ್ಣ ಊರಿನವರನ್ನು ಸಣ್ಣವರು ಅಂದುಕೊಂಡಿದ್ದೆವು, ಅಷ್ಟೆ.

ಎನ್.ಆರ್. ಪುರದಲ್ಲಿ ವೋಲ್ಟೇಜ್ ಸಾಲದೆ ಪ್ರೊಜೆಕ್ಟರ್ ಬಿಟ್ಟೆವು, ಹೊಗೆಯ ಮಷೀನೂ ಇಲ್ಲ. ಎರಡು ಲೈಟು. ಕತ್ತರಿಸಿದ್ದ ಮಾತೆಲ್ಲ ವಾಪಸ್ ಬಂದಿತ್ತು, ಪೊರಕೆಯ ಹಿಡಿತ ಬದಲಾಗಿತ್ತು. ಜಲಗಾರ ಒಂದು ಕಡೆ ಮಾತು ಮರೆತ, ಮುಂದಿನ ಸಾಲಿನ ಹುಡುಗರು ನಕ್ಕರು. ಆದರೆ ಶಿವ ಬಂದಾಗ ನಗು ನಿಂತಿತು. ಪೊರಕೆ ಹಿಡಿದ ಇನ್ನೊಬ್ಬ ಮನುಷ್ಯ ಸುಮ್ಮನೆ ನಡೆದು ಬಂದ, ಅಷ್ಟೇ. ಕುವೆಂಪು ಬರೆದಿದ್ದೂ ಅದನ್ನೇ ಅಲ್ವಾ? ಜಲಗಾರನಾಗಿ ಬರುವ ಶಿವನಿಗೆ ನಕ್ಷತ್ರಮಂಡಲ ಹಾಕಿ ನಾವು ಅವನನ್ನು ಮತ್ತೆ ಗುಡಿಯೊಳಗೆ ಕೂರಿಸಿಬಿಟ್ಟಿದ್ದೆವು. ಇದು ಬಜೆಟ್ಟಿನ ಸಮಸ್ಯೆಯಲ್ಲ, ನಾಟಕವನ್ನು ತಪ್ಪಾಗಿ ಓದಿದ ಸಮಸ್ಯೆ.

1947ರಲ್ಲಿ ಎಡಿನ್‌ಬರೋದ ದೊಡ್ಡ ಉತ್ಸವಕ್ಕೆ ಕರೆಯದೇ ಇದ್ದ ಎಂಟು ತಂಡಗಳು ತಾವೇ ಹೋಗಿ ಅಂಚಿನಲ್ಲಿ ಆಡಿದವು. ‘ಫ್ರಿಂಜ್’ ಅನ್ನೋ ಮಾತು ಹುಟ್ಟಿದ್ದು ಹಾಗೆ. ಬೆಂಗಳೂರಿನಲ್ಲಿ ಆ ಅಂಚಿಗೂ ಈಗ ಎ.ಸಿ. ಇದೆ, ನೋಡುವವರೂ ನಮ್ಮ ಫ್ರೆಂಡ್ಸೇ. ಹೆಗ್ಗೋಡಿನ ನೀನಾಸಂ 1985ರಿಂದ ‘ತಿರುಗಾಟ’ ಅಂತ ಊರೂರಿಗೆ ನಾಟಕ ಒಯ್ಯುತ್ತಿದೆ. ಅದು ಹಳ್ಳಿಗಳಿಗೆ ಮಾಡುವ ಉಪಕಾರ ಅಂತ ನಾನು ಅಂದುಕೊಂಡಿದ್ದೆ. ಉಪಕಾರ ಆಗೋದು ನಾಟಕಕ್ಕೆ. ಪರಿಚಯ ಇಲ್ಲದ ಮುನ್ನೂರು ಜನರ ಮುಂದೆ ನಿಂತಾಗ ಯಾವುದು ನಾಟಕ, ಯಾವುದು ಅಲಂಕಾರ ಅಂತ ಗೊತ್ತಾಗಿಬಿಡುತ್ತೆ.

ಮುಂದಿನ ತಿಂಗಳು ಬೆಂಗಳೂರಿನಲ್ಲಿ ಮತ್ತೆ ಶೋ ಇದೆ. ಪ್ರೊಜೆಕ್ಟರ್ ಇರಲ್ಲ. ಈ ಸಲ ಯಾರೂ ಎದ್ದು ನಿಲ್ಲದೆ ಹೋಗಬಹುದು, ಪರವಾಗಿಲ್ಲ. ನಮ್ಮ ಬೀದಿ ಗುಡಿಸುವ ಅಕ್ಕನಿಗೆ ಟಿಕೆಟ್ ಕೊಟ್ಟಿದ್ದೇನೆ. ‘ಬೆಳಿಗ್ಗೆ ನಾಲ್ಕೂವರೆಗೆ ಏಳ್ಬೇಕು ಸಾರ್, ರಾತ್ರಿ ನಾಟಕ ಆಗಲ್ಲ’ ಅಂದರು. ಮಧ್ಯಾಹ್ನ ಮೂರಕ್ಕೆ ಒಂದು ಶೋ ಇಡೋಕೆ ಆಗುತ್ತಾ ಅಂತ ಹಾಲ್‌ನವರನ್ನು ಕೇಳುತ್ತಿದ್ದೇವೆ.