ಒಡವೆಪೆಟ್ಟಿಗೆಯಲ್ಲಿ ಬಂದ ರಿವಾಲ್ವರ್

ಸರಕನ್ನು ಅದರ ಹೆಸರಿನಿಂದಾಗಲಿ ಅದನ್ನಿಟ್ಟ ಪೆಟ್ಟಿಗೆಯಿಂದಾಗಲಿ ಅಳೆಯಬಾರದೆಂಬುದು ವ್ಯಾಪಾರದ ಮೊದಲ ಪಾಠ. ಆದರೆ 2014ರ ಜನವರಿಯಲ್ಲಿ ಕಾನ್ಪುರದ ಫೀಲ್ಡ್ ಗನ್ ಕಾರ್ಖಾನೆಯು ಮಾರುಕಟ್ಟೆಗೆ ತಂದ ‘ನಿರ್ಭೀಕ್’ ಎಂಬ ಕಿರು ರಿವಾಲ್ವರನ್ನು ವಿಮರ್ಶಿಸಲು ಹೊರಟವರು ಹೆಸರು ಮತ್ತು ಪೆಟ್ಟಿಗೆಗಳಿಂದಲೇ ಆರಂಭಿಸಬೇಕಾಗುತ್ತದೆ. ಅದನ್ನು ಜನರ ಮುಂದಿಟ್ಟಿದ್ದು ಅವೆರಡರ ಬಲದಿಂದಲೇ. 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯ ಬಸ್ಸೊಂದರಲ್ಲಿ ಅತ್ಯಾಚಾರಕ್ಕೆ ತುತ್ತಾಗಿ, ಮುಂದೆ ಪ್ರಾಣಬಿಟ್ಟ ತರುಣಿಯನ್ನು ಪತ್ರಿಕೆಗಳು ‘ನಿರ್ಭಯಾ’ ಎಂದು ಕರೆದವು. ಅದೇ ಅರ್ಥದ ಇನ್ನೊಂದು ಪದವನ್ನು ಸರ್ಕಾರಿ ಕಾರ್ಖಾನೆಯು ತನ್ನ ಆಯುಧಕ್ಕೆ ಇಟ್ಟಿತು. ಮಹಿಳೆಯರ ಕೈಚೀಲದಲ್ಲಿ ಅಡಗುವಂತೆ ಅದನ್ನು ಚಿಕ್ಕದಾಗಿ ಮಾಡಿ, ಒಡವೆ ಇಡುವಂಥ ಕೆಂಗಂದು ಪೆಟ್ಟಿಗೆಯಲ್ಲಿಟ್ಟು ಕೊಟ್ಟಿತು. ಬೆಲೆ 1 ಲಕ್ಷ 22 ಸಾವಿರ ರೂಪಾಯಿಗೂ ಮಿಕ್ಕಿ. ಒಬ್ಬ ಹೆಣ್ಣುಮಗಳ ಸಾವು ಎರಡು ವರ್ಷ ತುಂಬುವ ಮೊದಲೇ ಸರಕಿನ ಹೆಸರಾಯಿತು ಎಂಬುದರಲ್ಲಿ ಔಚಿತ್ಯಭಂಗವಿದೆ ಎನ್ನದೆ ವಿಧಿಯಿಲ್ಲ.

ಸರಕಿನ ಗುಣವನ್ನು ಪ್ರತ್ಯೇಕವಾಗಿ ನೋಡುವುದು ನ್ಯಾಯ. ತೂಕ ಸುಮಾರು ಅರ್ಧ ಕಿಲೋಗ್ರಾಂ. ಅದೇ ಸಂಸ್ಥೆಯ ಕಾರ್ಖಾನೆಗಳು ಮೊದಲಿನಿಂದ ಮಾಡುತ್ತಿದ್ದ .32 ರಿವಾಲ್ವರಿನ ತೂಕ 700 ಗ್ರಾಮಿನಷ್ಟು. ಟೈಟೇನಿಯಂ ಮಿಶ್ರಲೋಹದಿಂದ ಈ ಹಗುರತೆ ಸಾಧ್ಯವಾಯಿತು. ತುಂಬುವ ಗುಂಡುಗಳು ಆರು. ಆಯುಧ ಹಗುರವಾದಷ್ಟೂ ಹಾರಿಸಿದಾಗ ಕೈಗೆ ತಾಗುವ ಹಿಮ್ಮೊಗದ ಹೊಡೆತ ಹೆಚ್ಚು. ನಳಿಗೆ ಗಿಡ್ಡವಾದಷ್ಟೂ ಗುರಿ ಹಿಡಿಯುವುದು ಕಷ್ಟ. ಬಟ್ಟೆಯಲ್ಲೋ ಚೀಲದಲ್ಲೋ ಅಡಗಿಸಿ ಒಯ್ಯುವ ಯಾವ ದೇಶದ ಯಾವ ಕೈಬಂದೂಕೂ ಈ ಲೆಕ್ಕದಿಂದ ತಪ್ಪಿಸಿಕೊಂಡಿಲ್ಲ. ಅಡಗುವ ಗುಣವನ್ನು ಕೊಂಡವನು ಗುರಿಯ ಗುಣವನ್ನು ಅಷ್ಟರಮಟ್ಟಿಗೆ ಮಾರಿದಂತೆಯೇ. ನಿರ್ಭೀಕಿನಲ್ಲಿ ಹೊಡೆತವು ಸಹ್ಯವಾಗಿರುವುದು ಅದರ ತೋಟೆ ಸೌಮ್ಯವಾದುದರಿಂದ. 1896ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆ .32 ತೋಟೆಯ ಶಕ್ತಿ ಇಂದಿನ 9 ಮಿಲಿಮೀಟರ್ ತೋಟೆಯ ಸುಮಾರು ಮೂರನೆಯ ಒಂದು ಪಾಲು ಮಾತ್ರ. 9 ಮಿಲಿಮೀಟರ್ ಬಂದೂಕು ನಮ್ಮ ಕಾನೂನಿನಲ್ಲಿ ಸಾಮಾನ್ಯ ನಾಗರಿಕರಿಗೆ ನಿಷಿದ್ಧವಾದ ವರ್ಗಕ್ಕೆ ಸೇರಿದ್ದು. ಆದ್ದರಿಂದ ಇಲ್ಲಿ ಕೊಳ್ಳುವವರ ಆಯ್ಕೆಯನ್ನು ಬಹುಪಾಲು ಕಾನೂನೇ ಮುಗಿಸಿರುತ್ತದೆ. ಅಂಗಡಿಯಲ್ಲಿ ಉಳಿಯುವ ಪ್ರಶ್ನೆ ತೂಕ, ಹಿಡಿ, ಬೆಲೆ, ಇಷ್ಟೇ. ಕುಶಲಕರ್ಮದ ದೃಷ್ಟಿಯಿಂದ ನಿರ್ಭೀಕ್ ಕಳಪೆ ವಸ್ತುವಲ್ಲ.

ಆದರೆ ಅದು ಯಾವ ಅಪಾಯಕ್ಕೆ ಉತ್ತರವೆಂದು ಮುಂದೆ ಬಂದಿತೋ ಆ ಅಪಾಯದ ಸ್ವರೂಪವನ್ನು ಅದನ್ನು ಮಾಡಿದವರು ನೋಡಿದಂತೆ ಕಾಣುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2013ಕ್ಕೆ ಕೊಟ್ಟ ಲೆಕ್ಕದಲ್ಲಿ ದೇಶದಲ್ಲಿ ದಾಖಲಾದ ಅತ್ಯಾಚಾರದ ಪ್ರಕರಣಗಳು 33,707. ಅವುಗಳಲ್ಲಿ 31,807 ಪ್ರಕರಣಗಳಲ್ಲಿ ಆರೋಪಿಯು ಹೆಣ್ಣುಮಗಳಿಗೆ ಪರಿಚಿತನೇ. ಬಂಧು, ನೆರೆಯವ, ಕೆಲಸದ ಕಡೆಯವ, ಮದುವೆಯ ಮಾತುಕೊಟ್ಟವ. ಕತ್ತಲ ಬೀದಿಯಲ್ಲಿ ಎದುರಾಗುವ ಅಪರಿಚಿತನನ್ನು ಕಲ್ಪಿಸಿಕೊಂಡು ಚೀಲಕ್ಕೆ ಹಾಕಿಕೊಂಡ ಆಯುಧವು ಮನೆಯ ನಡುಮನೆಯಲ್ಲಿ, ಚೀಲವನ್ನು ಗೂಟಕ್ಕೆ ಸಿಕ್ಕಿಸಿದ ಹೊತ್ತಿನಲ್ಲಿ, ಏನು ಮಾಡಬಲ್ಲದು? ಬೀದಿಯಲ್ಲೇ ಆದರೂ ಮೇಲೆರಗಿದವನನ್ನು ನೂಕಿ, ಚೀಲ ಬಿಚ್ಚಿ, ತಡಕಿ, ಹಿಡಿ ಸರಿಪಡಿಸಿಕೊಳ್ಳಲು ಬೇಕಾದ ಕಾಲವನ್ನು ಎದುರಾಳಿ ಕೊಡುವುದಿಲ್ಲ. ಅಭ್ಯಾಸದ ಕೊರತೆಯನ್ನು ಮನಗಂಡೇ 2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿಗೆ ತರಬೇತಿಯನ್ನು ಸೇರಿಸಿದವು. ಇದು ಒಳ್ಳೆಯದೇ. ಆದರೆ ಒಮ್ಮೆ ಕಲಿತ ವಿದ್ಯೆ ಪೆಟ್ಟಿಗೆಯಲ್ಲಿಟ್ಟ ಆಯುಧದಂತೆ ಹಾಗೆಯೇ ಉಳಿಯುವುದಿಲ್ಲ. ತಿಂಗಳುಗಟ್ಟಲೆ ಹಾರಿಸದ ಕೈ ಸಮಯಕ್ಕೆ ಒದಗುತ್ತದೆಂದು ನಂಬುವುದು ಕಷ್ಟ.

ಇಲ್ಲಿ ಧರ್ಮದ ಪ್ರಶ್ನೆಯನ್ನು ತಪ್ಪಾಗಿ ಎತ್ತುವವರೂ ಇದ್ದಾರೆ. ಶ್ರಾವಕನಿಗೆ ಆಯುಧವೇ ವರ್ಜ್ಯ ಎಂಬ ಮಾತು ಪೂರ್ತಿ ಸರಿಯಲ್ಲ. ಗೃಹಸ್ಥನು ತ್ಯಜಿಸಬೇಕಾದುದು ಸಂಕಲ್ಪೀ ಹಿಂಸೆ. ತನ್ನನ್ನೂ ತನ್ನವರನ್ನೂ ಕಾಪಾಡುವಾಗ ಒದಗುವ ವಿರೋಧೀ ಹಿಂಸೆಯನ್ನು ಅವನ ಅಣುವ್ರತವು ನಿಷೇಧಿಸಿಲ್ಲ. ಗಂಗರ ದಂಡನಾಯಕ ಚಾವುಂಡರಾಯನ ಖಡ್ಗವನ್ನು ಯಾರೂ ಆಕ್ಷೇಪಿಸಲಿಲ್ಲ. ದೇಶದ ಕಾನೂನೂ ಇದೇ ನಿಲುವಿನದು: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಹೇಳುತ್ತವೆ, ಅತ್ಯಾಚಾರದ ಉದ್ದೇಶದಿಂದ ಮೇಲೆ ಬಿದ್ದವನ ವಿರುದ್ಧ ಆ ಹಕ್ಕು ಪ್ರಾಣಹಾನಿಯವರೆಗೂ ಸಲ್ಲುತ್ತದೆ. ಹಾರಿಸಬಹುದೇ ಎಂಬುದಕ್ಕೆ ಹೀಗೆ ಉತ್ತರ ಸಿಕ್ಕೀತು. ಹಾರಿಸದೆ ಇರುವ ಸಾವಿರಾರು ದಿನಗಳಲ್ಲಿ ಅದನ್ನು ಎಲ್ಲಿಡಬೇಕು ಎಂಬುದಕ್ಕೆ ಉತ್ತರ ಅಷ್ಟು ಸುಲಭವಲ್ಲ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಆಸ್ರವಕ್ಕೆ ಆಧಾರವಾಗುವ ಅಜೀವ ಅಧಿಕರಣಗಳಲ್ಲಿ ‘ನಿಕ್ಷೇಪ’ವನ್ನು, ಅಂದರೆ ವಸ್ತುವನ್ನು ಇಡುವ ಕ್ರಿಯೆಯನ್ನು, ಎಣಿಸಿದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ನಾಲ್ಕಾಗಿ ಬಿಡಿಸುತ್ತಾರೆ: ನೋಡದೆ ಇಡುವುದು, ಸರಿಯಾಗಿ ಶೋಧಿಸದೆ ಇಡುವುದು, ಆತುರದಿಂದ ಇಡುವುದು, ಗಮನವಿಲ್ಲದೆ ಕಂಡಲ್ಲಿ ಇಡುವುದು. ಪಾತ್ರೆ ಪದಾರ್ಥಗಳ ವಿಷಯದಲ್ಲಿ ಇದನ್ನು ಓದಿ ಮುಂದೆ ಸಾಗುವವರೇ ಹೆಚ್ಚು. ಗುಂಡು ತುಂಬಿದ ಕೈಚೀಲದ ಮುಂದೆ ಕುಳಿತು ಓದಿದರೆ ಒಂದೊಂದು ಪದವೂ ಬೇರೆಯಾಗಿ ಕೇಳಿಸುತ್ತದೆ.

ನಿರ್ಭೀಕ್ ಹೊರಬಂದ 2014ರ ಡಿಸೆಂಬರ್ 30ರಂದು ಅಮೆರಿಕದ ಐಡಹೊ ರಾಜ್ಯದ ಹೇಡನ್ ಎಂಬ ಊರಿನ ದೊಡ್ಡ ಅಂಗಡಿಯೊಂದರಲ್ಲಿ ತಾಯಿಯೊಬ್ಬಳು ಎರಡು ವರ್ಷದ ಮಗುವನ್ನು ಸಾಮಾನಿನ ಗಾಡಿಯಲ್ಲಿ ಕೂರಿಸಿ ಖರೀದಿಗೆ ಬಂದಿದ್ದಳು. ಅವಳಿಗೆ ಪರವಾನಗಿಯಿತ್ತು. ಕೈಬಂದೂಕನ್ನು ಅಡಗಿಸಿಡಲೆಂದೇ ಪ್ರತ್ಯೇಕ ಜೇಬು ಹೊಲಿದಿದ್ದ ಕೈಚೀಲವಿತ್ತು. ಆ ಚೀಲ ಗಂಡ ಕೊಟ್ಟ ಹಬ್ಬದ ಉಡುಗೊರೆ. ಮಗು ಆ ಜೇಬಿಗೆ ಕೈಹಾಕಿತು. ಒಂದೇ ಗುಂಡಿಗೆ ತಾಯಿ ಅಲ್ಲಿಯೇ ಸತ್ತಳು. ಆಯುಧದ ಆಯ್ಕೆಯಲ್ಲಿ ದೋಷವಿರಲಿಲ್ಲ, ಪರವಾನಗಿಯಲ್ಲಿ ದೋಷವಿರಲಿಲ್ಲ, ಪ್ರೀತಿಯಲ್ಲಂತೂ ಇರಲೇ ಇಲ್ಲ. ಇಟ್ಟ ಜಾಗದಲ್ಲಿ ಇತ್ತು. ಅಂದರೆ ಅಡಗಿಸಿ ಒಯ್ಯುವ ಕಿರುಬಂದೂಕಿನ ದೊಡ್ಡ ಗುಣವೆಂದು ಯಾವುದನ್ನು ಹೇಳುತ್ತಾರೋ ಅದರಲ್ಲಿಯೇ. ಚಾವುಂಡರಾಯನ ಖಡ್ಗ ಎಲ್ಲರ ಕಣ್ಣಿಗೆ ಕಾಣುತ್ತಿತ್ತು. ಮಕ್ಕಳನ್ನು ಅದರಿಂದ ದೂರವಿಡುವುದು ಮನೆಯ ಎಲ್ಲರಿಗೂ ಸಾಧ್ಯವಿತ್ತು. ಕೈಚೀಲದೊಳಗಿನದು ಒಬ್ಬರಿಗೆ ಮಾತ್ರ ಗೊತ್ತಿರುತ್ತದೆ, ಅವರೂ ಕೆಲವೊಮ್ಮೆ ಮರೆಯುತ್ತಾರೆ.

ಅಜ್ಜಿಯ ಕೈಚೀಲದಲ್ಲಿ ಪೆಪ್ಪರಮೆಂಟು ಹುಡುಕುವ ಮೊಮ್ಮಕ್ಕಳಿರುವ ಅವಿಭಕ್ತ ಕುಟುಂಬದಲ್ಲಿ ಈ ವಿಚಾರ ಇನ್ನೂ ತೀವ್ರ. ಚಿನ್ನದ ವ್ಯಾಪಾರಕ್ಕಾಗಿ ಪರವಾನಗಿ ಪಡೆದ ಮನೆಗಳೂ, ಭಂಡಾರದ ಕಾವಲಿಗೆ ಬಂದೂಕುಳ್ಳ ಕಾವಲುಗಾರನನ್ನಿಟ್ಟ ಟ್ರಸ್ಟುಗಳೂ ಇದರಿಂದ ಹೊರತಲ್ಲ. ಅಂಗಡಿಯವನ ಮುಂದೆ ತೂಕ, ಬೆಲೆ ವಿಚಾರಿಸುವ ಮೊದಲು ಮನೆಯಲ್ಲಿ ವಿಚಾರಿಸಬೇಕಾದವು ಬೇರೆ: ಬೀಗದ ಕೈ ಯಾರ ಬಳಿ, ಗುಂಡುಗಳನ್ನು ಬೇರೆಯಾಗಿಡುವವರು ಯಾರು, ಪರವಾನಗಿದಾರರು ಆಸ್ಪತ್ರೆ ಸೇರಿದ ದಿನ ಅದು ಯಾರ ವಶ. ಬೀಗ ಹಾಕಿ, ಗುಂಡು ತೆಗೆದಿಟ್ಟರೆ ಅಪಾಯದ ಗಳಿಗೆಯಲ್ಲಿ ಅದು ಒದಗದು ಎಂಬ ಆಕ್ಷೇಪ ಬರುತ್ತದೆ, ಅದು ನಿಜ. ಸುರಕ್ಷಿತವಾಗಿಟ್ಟರೆ ತಡವಾಗುತ್ತದೆ, ಸಿದ್ಧವಾಗಿಟ್ಟರೆ ಮನೆಯವರಿಗೇ ಅಪಾಯ. ಈ ಇಕ್ಕಟ್ಟನ್ನು ಯಾವ ಲೋಹವೂ ಹಗುರಗೊಳಿಸಿಲ್ಲ. ಒಡವೆಯ ಪೆಟ್ಟಿಗೆಯಲ್ಲಿಟ್ಟು ಕೊಟ್ಟವರು ಅದನ್ನು ಒಡವೆಯಂತೆ ಕಪಾಟಿನಲ್ಲಿಡಬೇಕೆಂದರೋ, ಒಡವೆಯಂತೆ ಮೈಮೇಲೆ ಧರಿಸಬೇಕೆಂದರೋ ಪೆಟ್ಟಿಗೆಯಿಂದ ತಿಳಿಯುವುದಿಲ್ಲ.

2021ರ ಅಕ್ಟೋಬರ್ 1ರಂದು ಆಯುಧ ಕಾರ್ಖಾನೆಗಳ ಮಂಡಳಿ ಏಳು ಕಂಪನಿಗಳಾಗಿ ಒಡೆಯಿತು. ಅವುಗಳಲ್ಲೊಂದಾದ, ಕಾನ್ಪುರದಲ್ಲಿ ಮುಖ್ಯ ಕಚೇರಿಯುಳ್ಳ ಕಂಪನಿ 2023ರ ಆಗಸ್ಟಿನಲ್ಲಿ ‘ಪ್ರಬಲ್’ ಎಂಬ ಹೊಸ .32 ರಿವಾಲ್ವರನ್ನು ತಂದಿತು. ಈ ಬಾರಿ ಮುಂದಿಟ್ಟ ಗುಣ 50 ಮೀಟರಿನ ದೂರ. ಮಹಿಳೆಯರು ಕೈಚೀಲದಲ್ಲಿ ಒಯ್ಯಬಹುದೆಂಬ ಮಾತೂ ಜೊತೆಗಿತ್ತು. ತೂಕ ಮತ್ತೆ 700 ಗ್ರಾಮಿಗೆ ಬಂದಿದೆ.