ನಗುಮುಖಗಳ ಜಾಲತಾಣಗಳು: ಚಿತ್ರವೋ, ಸಂಖ್ಯೆಯೋ?

ಮೊಬೈಲಿನಲ್ಲಿ ನೀವು ಒಂದು ನಗುಮುಖವನ್ನು ಒತ್ತಿ ಗೆಳೆಯರಿಗೆ ಕಳಿಸಿದಾಗ ಅಲ್ಲಿಗೆ ತಲಪುವುದು ಚಿತ್ರವಲ್ಲ, ಒಂದು ಸಂಖ್ಯೆ. ಆ ಸಂಖ್ಯೆಗೆ ಯಾವ ಮುಖವನ್ನು ಬರೆಯಬೇಕೆಂದು ನಿರ್ಧರಿಸುವುದು ಪಡೆಯುವವರ ಉಪಕರಣ. ಎಮೋಜಿ, ಸ್ಮೈಲಿಗಳನ್ನು ಒದಗಿಸುವ ಜಾಲತಾಣಗಳು ಈ ಸಂಗತಿಯನ್ನು ತಿಳಿಸುತ್ತವೆಯೇ? ಇದೊಂದೇ ಅಳತೆಗೋಲಿನಿಂದ ನೋಡಿದರೂ ಹೆಚ್ಚಿನವು ತೇರ್ಗಡೆಯಾಗುವುದಿಲ್ಲ.

1982ರ ಸೆಪ್ಟೆಂಬರ್ 19ರಂದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್‌ಮನ್ ತಮಾಷೆಯ ಮಾತಿಗೆ ಗುರುತಾಗಿ :-) ಎಂಬುದನ್ನು ಸೂಚಿಸಿದಾಗ ಈ ತೊಡಕಿರಲಿಲ್ಲ, ಮೂರು ಕೀಲಿಗಳು ಎಲ್ಲ ಗಣಕಗಳಲ್ಲೂ ಇದ್ದವು. 1999ರಲ್ಲಿ ಜಪಾನಿನ ಶಿಗೆತಾಕ ಕುರಿತ ಡೊಕೊಮೊ ಕಂಪನಿಗಾಗಿ 12 × 12 ಚುಕ್ಕೆಗಳ ಚೌಕದಲ್ಲಿ 176 ಚಿತ್ರಗಳನ್ನು ರಚಿಸಿದರು. ಅಲ್ಲಿನ ಬೇರೆ ಕಂಪನಿಗಳು ತಮ್ಮದೇ ಸಂಕೇತಗಳನ್ನು ಬಳಸುತ್ತಿದ್ದವು. 2010ರಲ್ಲಿ ಯೂನಿಕೋಡ್ 6.0 ಆವೃತ್ತಿ ಇವಕ್ಕೆಲ್ಲ ಸಾಮಾನ್ಯ ಸಂಖ್ಯೆಗಳನ್ನು ಕೊಟ್ಟಿತು.

'ನಕಲಿಸಿ, ಅಂಟಿಸಿ' ಮಾದರಿಯ ತಾಣಗಳಲ್ಲಿ ಇದಾವುದೂ ಇಲ್ಲ. ಸಾಲುಸಾಲು ಮುಖಗಳು, ನಡುನಡುವೆ ಜಾಹೀರಾತು, ಅಷ್ಟೆ. 2000ರ ದಶಕದಲ್ಲಂತೂ ಉಚಿತ ಸ್ಮೈಲಿಯ ಆಸೆ ತೋರಿಸಿ, ಬ್ರೌಸರಿನ ಮುಖಪುಟವನ್ನೇ ಬದಲಿಸುವ ತಂತ್ರಾಂಶವನ್ನು ಜೊತೆಗೆ ತುರುಕುವ ತಾಣಗಳಿದ್ದವು. ಸ್ಮೈಲಿಗಾಗಿ ಏನನ್ನಾದರೂ ಸ್ಥಾಪಿಸಿಕೊಳ್ಳಿ ಎನ್ನುವ ತಾಣವನ್ನು ಇಂದೂ ಶಾಲೆಯ ಗಣಕದಿಂದ ದೂರವಿಡಿ.

ಎಮೋಜಿಪೀಡಿಯ ಬೇರೆಯೇ ದರ್ಜೆಯದು. 2013ರಲ್ಲಿ ಆರಂಭವಾದ ಈ ತಾಣ ಒಂದೇ ಸಂಕೇತಕ್ಕೆ ಬೇರೆ ಬೇರೆ ಕಂಪನಿಗಳು ಬರೆದ ಚಿತ್ರಗಳನ್ನು ಅಕ್ಕಪಕ್ಕದಲ್ಲಿಡುತ್ತದೆ, ಹಳೆಯ ರೂಪಗಳನ್ನೂ ಉಳಿಸಿಕೊಂಡಿದೆ. ಪಿಸ್ತೂಲಿನ ಪುಟವನ್ನು ನೋಡಿ. 2016ರಲ್ಲಿ ಆಪಲ್ ಅದನ್ನು ಹಸಿರು ನೀರುಪಿಸ್ತೂಲಾಗಿ ಮಾಡಿತು. ಇತರ ಪ್ರಮುಖ ಕಂಪನಿಗಳು ಹಾಗೆ ಮಾಡಿದ್ದು 2018ರಲ್ಲಿ. ನಡುವಿನ ಅವಧಿಯಲ್ಲಿ ಒಬ್ಬ ಹುಡುಗ ಆಟಿಕೆಯೆಂದು ಕಳಿಸಿದ್ದು ಇನ್ನೊಬ್ಬನ ಪರದೆಯಲ್ಲಿ ನಿಜವಾದ ಬಂದೂಕಾಗಿ ಕಾಣಬಹುದಿತ್ತು. ನಗುವಿನಲ್ಲೂ ಇದೇ ಕಥೆ. ಒಂದೇ ಮುಖವನ್ನು ಜನ ಸಂತೋಷವೆಂದೂ ಸಿಟ್ಟೆಂದೂ ಓದಬಲ್ಲರೆಂದು ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು.

ಈ ತಾಣದ ಕೊರತೆ ವಿವರಣೆಗಳಲ್ಲಿದೆ. ಅವು ಹೆಚ್ಚಾಗಿ ಇಂಗ್ಲಿಷ್ ಬಲ್ಲವರ ಬಳಕೆಯನ್ನೇ ಹಿಡಿದು ನಡೆಯುತ್ತವೆ. ವಿಜ್ಞಾನದ ದೃಷ್ಟಿಯಿಂದಲೂ ಒಂದು ಮಾತಿದೆ. ಚಂದ್ರನ ಎಂಟು ಕಲೆಗಳ ಚಿತ್ರಗಳಲ್ಲಿ ಶುಕ್ಲಪಕ್ಷದ ಚಂದ್ರನಿಗೆ ಬಲಬದಿ ಬೆಳಕು, ಕೋಡುಗಳು ಮೇಲೊಂದು ಕೆಳಗೊಂದು. ಇದು ಉತ್ತರದ ಹೆಚ್ಚಿನ ಅಕ್ಷಾಂಶದವರು ಕಾಣುವ ಚಂದ್ರ. ಸುಮಾರು 13 ಡಿಗ್ರಿ ಅಕ್ಷಾಂಶದ ಬೆಂಗಳೂರಿನಿಂದ ಫೆಬ್ರವರಿ, ಮಾರ್ಚ್ ತಿಂಗಳ ಬಿದಿಗೆ-ತದಿಗೆಯ ಸಂಜೆ ಪಡುವಣಕ್ಕೆ ನೋಡಿ. ಚಂದ್ರ ಹೆಚ್ಚುಕಡಿಮೆ ದೋಣಿಯಂತೆ ಮಲಗಿರುತ್ತಾನೆ. ದಕ್ಷಿಣಾರ್ಧಗೋಳದಲ್ಲಿ ಬೆಳಕು ಎಡಕ್ಕೆ. ಎಮೋಜಿಯನ್ನು ನೋಡಿ ಪ್ರಶ್ನೋತ್ತರದಲ್ಲಿ ಚಿತ್ರ ಬರೆಯುವ ವಿದ್ಯಾರ್ಥಿಗೆ ಇದನ್ನು ಹೇಳಬೇಕಾದವರು ನೀವೇ.

ಶಿಕ್ಷಕರಿಗೆ ನಾನು ಹೆಚ್ಚು ಮೆಚ್ಚಿ ಹೇಳುವುದು ಯೂನಿಕೋಡ್ ಒಕ್ಕೂಟದ ತಾಣವನ್ನು. ನೋಟಕ್ಕೆ ಬರಿಯ ಕೋಷ್ಟಕ, ಅಂದಚಂದವಿಲ್ಲ. ಆದರೆ ಸಂಖ್ಯೆಗಳೆಲ್ಲ ಅಲ್ಲಿವೆ. ಅಲ್ಲಿ 'ಮಹಿಳಾ ವಿಜ್ಞಾನಿ'ಯನ್ನು ಹುಡುಕಿ. ಅದು ಒಂದೇ ಸಂಕೇತವಲ್ಲ: ಮಹಿಳೆ, ಸೂಕ್ಷ್ಮದರ್ಶಕ, ಇವೆರಡರ ನಡುವೆ ಯು+200ಡಿ ಎಂಬ ಕಣ್ಣಿಗೆ ಕಾಣದ ಜೋಡಕ. ಯುಟಿಎಫ್-8 ಕ್ರಮದಲ್ಲಿ 4 + 3 + 4, ಒಟ್ಟು 11 ಬೈಟ್. ಈ ಜೋಡಕ ಕನ್ನಡಿಗರಿಗೆ ಹೊಸದಲ್ಲ. 'ರ‍್ಯಾಂಕ್' ಎಂದು ಗಣಕದಲ್ಲಿ ಬರೆಯುವಾಗ ರಕಾರ ಅರ್ಕಾವೊತ್ತಾಗದೆ ಪೂರ್ಣಾಕ್ಷರವಾಗಿ ನಿಲ್ಲುವುದು ಇದೇ ಯು+200ಡಿಯಿಂದ. ನಮ್ಮ ಒತ್ತಕ್ಷರಕ್ಕೂ ಎಮೋಜಿಗೂ ಒಂದೇ ಬೆಸುಗೆ! ಹಳೆಯ ಉಪಕರಣಕ್ಕೆ ಈ ಜೋಡಣೆ ಗೊತ್ತಿಲ್ಲದಿದ್ದರೆ ಮಹಿಳೆಯೂ ಸೂಕ್ಷ್ಮದರ್ಶಕವೂ ಬೇರೆಬೇರೆಯಾಗಿ ಕಾಣುತ್ತವೆ. ಹದಿನಾರರ ಮೂಲದ ಸಂಖ್ಯೆಗಳನ್ನು ಕಲಿಸುವಾಗ 1ಎಫ್601 ಎಂಬ ನಗುಮುಖವನ್ನು ಹಲಗೆಯ ಮೇಲೆ ದಶಮಾನಕ್ಕೆ ತಿರುಗಿಸಿ, 1,28,513 ಬರುತ್ತದೆ.

ಚಿತ್ರಗಳಿರುವ ಅಲ್ಲಿನ ಪೂರ್ಣ ಪಟ್ಟಿ ಭಾರಿ ಪುಟ, ನಿಧಾನವಾಗಿ ತೆರೆಯುತ್ತದೆ. ಶಾಲೆಯ ಸಂಪರ್ಕ ದುರ್ಬಲವಾಗಿದ್ದರೆ ಅದೇ ತಾಣದಲ್ಲಿರುವ ಬರಿ ಪಠ್ಯದ ಕಡತವನ್ನು ತೆರೆಯಿರಿ. ಬರುವುದು ಸಂಕೇತಗಳು ಮಾತ್ರ; ಮುಖಗಳನ್ನು ನಿಮ್ಮ ಗಣಕವೇ ಬರೆದುಕೊಳ್ಳುತ್ತದೆ.